ದಾಂಡೇಲಿ-ಕಾಳಿ ಕಾಡಿಗೆ ಎರಡು ರಾತ್ರಿ: ಎಲ್ಲೆ ಇಳಕೊಂಡ್ರ ಛಲೋ?

ವಿದ್ಯಾನಗರ ವೈನಿ
ಡಿಸೆಂಬರ್ ಎರಡನೇ ವಾರ ಹುಬ್ಬಳ್ಳಿಯಿಂದ ಹೊರಡೂದೈತಿ, ಸ್ವಂತ ಕಾರು, ಎರಡು ರಾತ್ರಿ. ಆರು ಮಂದಿ: ಅತ್ತಿ-ಮಾವ, ನಾವಿಬ್ಬರು, 9 ಮತ್ತ 5 ವರ್ಷದ ಮಕ್ಕಳು. ಮಾವಗ ಮೊಣಕಾಲ ಬ್ಯಾನಿ, ಕೆಳಗ ಕುಂದ್ರಾಕ ಆಗೂದಿಲ್ಲ. ಬೇಕಾದದ್ದು ಒಂದು ಸಫಾರಿ, ಮಂಗಟ್ಟೆ ಹಕ್ಕಿ, ಮಕ್ಕಳಿಗೆ ಸ್ವಲ್ಪ ನೀರಾಟ. ಬ್ಯಾಡಾದದ್ದು ಡಿಜೆ. ಮೂರು ರೆಸಾರ್ಟಿಗೆ ಫೋನ್ ಮಾಡಿದ್ರ ಮೂರೂ ಮಂದಿ "ದಾಂಡೇಲಿನ್ಯಾಗ ಅದೀವ್ರಿ" ಅಂತಾರ. ಮ್ಯಾಪ್ ತಗದು ನೋಡಿದ್ರ ಒಂದಕ್ಕೊಂದು 30 ಕಿ.ಮೀ. ದೂರ. ಯಾವ ಕಡೆ ಹಿಡಿಯೂದು?

ಸಾಧನಕೇರಿ ದುರ್ಬೀನು
ವೈನಿಯವರ, ಜಾಹೀರಾತಿನೊಳಗಿನ "ದಾಂಡೇಲಿ" ಊರಿನ ಹೆಸರಲ್ಲ, ಸೀಮಿಯ ಹೆಸರು. ಹಳಿಯಾಳ ದಾಟಿದ ಮ್ಯಾಲೆ ಜೋಯಿಡಾ ತನಕ ಎಲ್ಲಾ ರೆಸಾರ್ಟುಗಳೂ ಅದೇ ಹೆಸರು ಹಾಕ್ಕೋತಾವ.

ಕಾಡಿನ ಲೆಕ್ಕ ಮೊದಲು ತಿಳಕೋರಿ. ದಾಂಡೇಲಿ ವನ್ಯಜೀವಿ ಧಾಮ, ಅಣಶಿ ರಾಷ್ಟ್ರೀಯ ಉದ್ಯಾನ ಎರಡನ್ನೂ ಕೂಡಿಸಿ 2007ರಲ್ಲಿ ಹುಲಿ ಸಂರಕ್ಷಿತ ಪ್ರದೇಶ ಮಾಡಿದ್ರು. 2015ರಲ್ಲಿ ಅದಕ್ಕ ಕಾಳಿ ಅಂತ ಹೆಸರಿಟ್ರು. "ರಾಷ್ಟ್ರೀಯ ಉದ್ಯಾನ" ಅಂತ ಹುಡುಕಿದ್ರ ಅಣಶಿ ಸಿಗ್ತದ, ಅದು ಕಾರವಾರದ ದಾರಿಯೊಳಗ, ದಾಂಡೇಲಿಯಿಂದ 50 ಕಿ.ಮೀ. ಮ್ಯಾಲೆ. ಮಂದಿ ಹೇಳೋ ಸಫಾರಿ ಮಾತ್ರ ಫಣಸೋಲಿ ಕಡೆ, ದಾಂಡೇಲಿ-ಕುಳಗಿಗೆ ಹತ್ತಿರ. ರಾಷ್ಟ್ರೀಯ ಉದ್ಯಾನದ ಹೆಸರು ನೋಡಿ ಅಣಶಿಯೊಳಗ ಇಳಕೊಂಡ್ರ ಸಫಾರಿಗೆ ನಸುಕಿನ್ಯಾಗ ಘಟ್ಟದ ದಾರಿ ಹಿಡಕೊಂಡು ವಾಪಸ್ ಬರಬೇಕಾಗ್ತದ. ಇದೇ ಭಾಳ ಮಂದಿ ಮಾಡೋ ತಪ್ಪು.

ಇಳಕೊಳ್ಳೋ ಜಾಗ ಸ್ಥೂಲವಾಗಿ ನಾಕು ಕಡೆ ಸಿಗ್ತಾವ. ದಾಂಡೇಲಿ ಊರು ಮತ್ತ ಅದರ ಸುತ್ತಲಿನ ನದಿ ದಂಡಿ. ಅಂಬಿಕಾನಗರದ ರಸ್ತೆಯೊಳಗ ಸುಮಾರು 12 ಕಿ.ಮೀ. ಹೋದ್ರ ಕುಳಗಿ, ಅಲ್ಲಿ ಅರಣ್ಯ ಇಲಾಖೆಯ ನೇಚರ್ ಕ್ಯಾಂಪ್. ಜೋಯಿಡಾ ರಸ್ತೆಯೊಳಗ ಸುಮಾರು 25 ಕಿ.ಮೀ.ಗೆ ಗಣೇಶಗುಡಿ, ಸೂಪಾ ಡ್ಯಾಮಿನ ಬುಡ. ಆಮ್ಯಾಲೆ ಜೋಯಿಡಾ ಸುತ್ತಲಿನ ಹೋಂಸ್ಟೇ. "ಬೆಳಿಗ್ಗೆ ಆರಕ್ಕ ನಾವು ಎಲ್ಲಿರಬೇಕು?" ಅನ್ನೋದನ್ನ ಮೊದಲು ಗಟ್ಟಿ ಮಾಡ್ರಿ. ಹಾಸಿಗಿ ಅದಕ್ಕ ಹತ್ತಿರ ಇರಲಿ. ಮಧ್ಯಾಹ್ನದ ತಿರುಗಾಟಕ್ಕ ದೂರ ಇದ್ರೂ ನಡೀತದ.

ಹಳೇ ಹುಬ್ಬಳ್ಳಿ ಹೀರೋ ಹೊಂಡಾ
ಹುಬ್ಬಳ್ಳಿಯಿಂದ ದಾಂಡೇಲಿ 75 ಕಿ.ಮೀ., ಎರಡು ತಾಸಿನ ಹಾದಿ. ಇಷ್ಟಕ್ಕ ಎರಡು ರಾತ್ರಿ ರೊಕ್ಕ ಯಾಕ ಸುರೀತೀರಿ? ಮುಂಜಾನೆ ಹೋಗಿ ಮಧ್ಯಾಹ್ನದ ಸಫಾರಿ ಮುಗಿಸಿ ರಾತ್ರಿ ಮನಿಗೆ ಬರ್ರಿ.

ಸಾಧನಕೇರಿ ದುರ್ಬೀನು
ಮಧ್ಯಾಹ್ನದ ಸಫಾರಿ ಒಂದೇ ಸಾಕು ಅನ್ನೋರಿಗೆ ಅದು ಸರಿ. ಮುಂಜಾನೆ ಸಫಾರಿಗೆ ಹಂಗ ಆಗೂದಿಲ್ಲ, ರಾತ್ರಿ ಮೂರೂವರಿಗೆ ಹುಬ್ಬಳ್ಳಿ ಬಿಡಬೇಕು. ಹಳಿಯಾಳ ದಾಟಿದ ಮ್ಯಾಲೆ ಡಿಸೆಂಬರ್ ನಸುಕಿನ್ಯಾಗ ಇಬ್ಬನಿ, ರಸ್ತೆ ಮ್ಯಾಲೆ ಮಲಗಿದ ದನ. ಕಾಡಿನ ರಸ್ತೆಯೊಳಗ ಕತ್ತಲಾದ ಮ್ಯಾಲೆ ಪ್ರಾಣಿ ಅಡ್ಡ ಬರೋದೂ ಅದ. ಡಿಸೆಂಬರಿನ್ಯಾಗ ಇಲ್ಲಿ ಆರೂ ಕಾಲಿಗೆಲ್ಲಾ ಹೊತ್ತು ಮುಳುಗಿರ್ತದ, ಅಷ್ಟರೊಳಗ ರೂಮಿಗೆ ಮುಟ್ಟಿರಬೇಕು. ಚೆಕ್‌ಪೋಸ್ಟ್ ಗೇಟಿನ ಹೊತ್ತನ್ನ ಇಳಕೊಳ್ಳೋ ಜಾಗದವರನ್ನೇ ಕೇಳಿಟ್ಟುಕೋರಿ.

ಬೆಟಗೇರಿ ಬೆಳವ
ಹಕ್ಕಿ ವಿಷಯ ನಾ ಹೇಳ್ತೀನಿ. ಮಂಗಟ್ಟೆ ನೋಡಾಕ ದಟ್ಟ ಕಾಡಿನ ನಡುವ ರೂಮ್ ಬೇಕು ಅನ್ನೋದು ತಪ್ಪು ತಿಳವಳಿಕಿ. ಕಪ್ಪು-ಬಿಳಿ ಮಲಬಾರ್ ಮಂಗಟ್ಟೆ ದಾಂಡೇಲಿ ಊರಾಗ ಟಿಂಬರ್ ಡಿಪೋ ಸುತ್ತಮುತ್ತನ ಕಾಣ್ತಾವ. ಹಣ್ಣು ಬಿಟ್ಟ ಆಲ, ಅತ್ತಿ, ಬಸರಿ ಗಿಡ ಎಲ್ಲೈತಿ ಅಂತ ಊರಾಗ ಕೇಳ್ರಿ. ಕಾಸರಕದ ಹಣ್ಣು ನಮಗ ವಿಷ, ಅವಕ್ಕ ಅದೂ ಊಟ. ಮುಂಜಾನೆ ಏಳರಿಂದ ಒಂಬತ್ತು, ಸಂಜಿ ನಾಕೂವರಿಯಿಂದ ಕತ್ತಲಾಗೂ ತನಕ ಒಂದ ಗಿಡದ ಕೆಳಗ ಸುಮ್ಮ ನಿಂತ್ರ ಸಾಕು. ಹಾರುವಾಗ ರೆಕ್ಕಿ ಸಪ್ಪಳ ಮೊದಲು ಕೇಳ್ತೈತಿ, ಹಕ್ಕಿ ಆಮ್ಯಾಲೆ ಕಾಣ್ತೈತಿ. ಮಾವನವರು ಕಾರಿನ ಬಾಗಲಾ ತಗದು ಕುಂತಲ್ಲೇ ನೋಡಬಹುದು.

ಗಣೇಶಗುಡಿಯ ಓಲ್ಡ್ ಮ್ಯಾಗಜಿನ್ ಹೌಸ್ ಬ್ಯಾರೆ ಥರದ ಜಾಗ. ಸೂಪಾ ಡ್ಯಾಮ್ ಕಟ್ಟುವಾಗ ಮದ್ದು-ಗುಂಡು ಇಡತಿದ್ದ ಜಾಗ ಅದು, ಈಗ ಸರ್ಕಾರದ ಜಂಗಲ್ ಲಾಡ್ಜಸ್‌ನವರ ಕ್ಯಾಂಪ್. ಅಲ್ಲೆ ಹಕ್ಕಿ ಜಳಕಕ್ಕ ನೀರಿನ ತೊಟ್ಟಿ ಇಟ್ಟಾರ. ಫೋಟೋದವರು ದೊಡ್ಡ ಲೆನ್ಸ್ ಹಿಡಕೊಂಡು ತಾಸುಗಟ್ಟಲೆ ಪಿಟ್ ಅನ್ನದ ಕುಂತಿರ್ತಾರ. ಐದು ವರ್ಷದ ಕೂಸನ್ನ ಅಲ್ಲಿಗೆ ಒಯ್ದ್ರ ಕೂಸಿಗೂ ತ್ರಾಸು, ಅವರಿಗೂ ತ್ರಾಸು. ಹಕ್ಕಿ ಹುಚ್ಚಿನ ಇಬ್ಬರ ಹೋಗ್ತಿದ್ರ ಅದರಂಥ ಜಾಗ ಇನ್ನೊಂದಿಲ್ಲ.

ವಿದ್ಯಾನಗರ ವೈನಿ
ಹಂಗಾದ್ರ ಮ್ಯಾಗಜಿನ್ ಹೌಸ್ ಬಿಟ್ಟೆ. "ರಿವರ್ ಟಚ್" ಅಂತ ಹಾಕಿದ ಒಂದು ರೆಸಾರ್ಟ್ ಮಕ್ಕಳಿಗೆ ಭಾಳ ಸೇರೇತಿ. ನದಿ ಮೆಟ್ಟಿಲ ಮುಂದನ ಐತಿ.

ಕಾಳಿ ದಂಡಿ
ಅಕ್ಕಾರ, ಅಲ್ಲೆ ಸ್ವಲ್ಪ ನಿಲ್ಲ್ರಿ. ಕಾಳಿ ನದಿ ಬಗ್ಗೆ ಎರಡು ಮಾತು ಖಾತ್ರಿ ಗೊತ್ತಿರಬೇಕು.

ಒಂದು, ಗಣೇಶಗುಡಿ ಕೆಳಗಿನ ನೀರು ಮಳಿ ನೋಡಿ ಬರೂದಿಲ್ಲ, ಕರೆಂಟ್ ನೋಡಿ ಬರ್ತೈತಿ. ಸೂಪಾ ಪವರ್ ಹೌಸ್‌ನಾಗ 50 ಮೆಗಾವ್ಯಾಟಿನ ಎರಡು ಯಂತ್ರ ಅದಾವ. ಅವು ತಿರುಗಿದ್ರ ನದ್ಯಾಗ ನೀರು, ನಿಂತ್ರ ಬರೇ ಬಂಡಿಗಲ್ಲು. ಮುಂಜಾನೆ ಮೊಣಕಾಲ ಮಟ ಇದ್ದ ಜಾಗ ಮಧ್ಯಾಹ್ನ ಆಳ ಆಗಿರ್ತೈತಿ, ಅದೂ ಮೋಡ-ಮಳಿ ಏನೂ ಇಲ್ಲದ. ದಂಡಿ ಮ್ಯಾಗಿನ ಕಲ್ಲು ನೋಡ್ರಿ: ಕೆಳಗ ಕರ್ರಗ ಪಾಚಿ, ಮ್ಯಾಲೆ ಬಿಳಿ ಒಣ ಕಲ್ಲು, ನಡುವ ಒಂದು ಗೆರಿ ಕಾಣ್ತೈತಿ. ನೀರು ಆ ಗೆರಿ ತನಕ ಬಂದು ಹೋಗ್ತೈತಿ ಅಂತ ಅರ್ಥ. ಆ ಗೆರಿ ಕೆಳಗ ಮಕ್ಕಳನ್ನ ಬಿಟ್ಟು ನೀವು ಚಾ ಕುಡಿಯಾಕ ಕುಂದ್ರಬ್ಯಾಡ್ರಿ.

ಎರಡು, ದಾಂಡೇಲಿ ಊರಿನ ಹತ್ತಿರ ನದ್ಯಾಗ ಮೊಸಳಿ ಅದಾವ. ನಿಂತ ನೀರು, ಆಳದ ಮಡು, ಬಿಸಲು ಕಾಸಾಕ ದಂಡಿ, ಎಲ್ಲಾ ಅವಕ್ಕ ಅಲ್ಲೆ ಸಿಗ್ತೈತಿ. ಗಣೇಶಗುಡಿ ಕಡೆ ನೀರಿಗೆ ಸೆಳವು ಇದ್ದ ಜಾಗದಾಗ, ಜಾಕೆಟ್ ಹಾಕಿ, ಗೈಡ್ ಮುಂದ ಆಡೂದ ಬ್ಯಾರೆ. ದಾಂಡೇಲಿ ಹತ್ತಿರದ ರೆಸಾರ್ಟಿನ ಹಿತ್ತಲದಾಗ ಇಳಿದು ಈಜೂದ ಬ್ಯಾರೆ. ಎರಡನೇದ್ದು ಬ್ಯಾಡ.

ರಾಫ್ಟಿಂಗ್ ಅಂತ ಬರದದ್ದೂ ಎರಡು ಥರ. ಗಣೇಶಗುಡಿಯಿಂದ ಸುಳಿ-ಸೆಳವು ದಾಟಿ ಸುಮಾರು ಹತ್ತು ಕಿ.ಮೀ. ಬರೂದು ಒಂದು, ಅದಕ್ಕ ಸಣ್ಣ ಮಕ್ಕಳನ್ನ ಬಿಡೂದಿಲ್ಲ. ನಿಂತ ನೀರಾಗ ಒಂದು ಸುತ್ತು ಹಾಕಿಸಿ ದಂಡಿಗೆ ತರೂದು ಇನ್ನೊಂದು. "ಪ್ಯಾಕೇಜಿನ್ಯಾಗ ರಾಫ್ಟಿಂಗ್ ಐತ್ರಿ" ಅಂದ್ರ ಎಷ್ಟು ಕಿ.ಮೀ., ಎಲ್ಲಿಂದ ಎಲ್ಲಿಗೆ ಅಂತ ಕೇಳ್ರಿ. 9 ವರ್ಷದವಗ ಜಾಕೆಟ್ ಹಾಕಿದ ಮ್ಯಾಲೆ ಎರಡೂ ಭುಜದ ಪಟ್ಟಿ ಹಿಡದು ಮ್ಯಾಲೆ ಎತ್ತಿ ನೋಡ್ರಿ. ಜಾಕೆಟ್ ಕಿವಿ ತನಕ ಏರಿದ್ರ ಅದು ದೊಡ್ಡವರ ಸೈಜ್, ನೀರಾಗ ಬಿದ್ದ್ರ ತಲಿ ಮ್ಯಾಲಿಂದ ಕಳಚಿ ಹೋಗ್ತೈತಿ.

ಏಲಕ್ಕಿ ಹಾರ, ಹಾವೇರಿ
ನಮ್ಮ ಮಂದಿ ರೂಮಿನ ಫೋಟೋ ನೋಡಿ ರೊಕ್ಕ ಕಳಸ್ತಾರ, ರೇಟ್ ತಲಾ ಲೆಕ್ಕ ಅನ್ನೂದ ಹೋದ ಮ್ಯಾಲೆ ತಿಳೀತೈತಿ. ಈ ಕಡೆ ಭಾಳ ಕಡೆ ರೂಮಿಗೆ ಬಾಡಗಿ ಅಲ್ಲ, ತಲಿಗಿಷ್ಟು, ಊಟ ಕೂಡಿ. ಉದಾಹರಣೆಗೆ ತಲಾ 2,000 ಅಂತ ಹಿಡೀರಿ. ನಾಕು ದೊಡ್ಡವರು, ಒಂದು ಅರ್ಧ ಟಿಕೆಟ್, ಸಣ್ಣದು ಪುಕ್ಕಟೆ ಅಂದ್ರ ರಾತ್ರಿಗೆ 9,000, ಎರಡು ರಾತ್ರಿಗೆ 18,000. "ಸಣ್ಣದು ಪುಕ್ಕಟೆ" ಎಷ್ಟು ವರ್ಷದ ತನಕ ಅನ್ನೂದು ಒಬ್ಬೊಬ್ಬರದು ಒಂದೊಂದು. ಸಫಾರಿ ಇದರಾಗ ಐತೋ ಬ್ಯಾರೆನೋ, ಜಿಎಸ್‌ಟಿ ಕೂಡಿಸ್ಯಾರೋ ಇಲ್ಲೋ ಅಂತ ಬರವಣಿಗಿನ್ಯಾಗ ತಗೋರಿ. ದಿನಕ್ಕ 7,500 ರೂಪಾಯಿ ಒಳಗಿನ ರೂಮಿಗೆ 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ 5%. ಇನ್ನೂ 12% ಅಂತ ಹಳೇ ಲೆಕ್ಕ ಹೇಳಿದ್ರ ಬಿಲ್ ಕೇಳ್ರಿ.

ಹುಲಿನ ನೋಡಬೇಕು ಅಂತ ಮಕ್ಕಳಿಗೆ ಹೇಳಿ ಕರಕೊಂಡು ಹೊಂಟೀರೇನು? ಹಂಗಿದ್ರ ಕಾಳಿ ಬ್ಯಾಡ, ನಾಗರಹೊಳಿಗೆ ಹೋಗ್ರಿ.

ಸಾಧನಕೇರಿ ದುರ್ಬೀನು
ಏಲಕ್ಕಿಯವರು ಹೇಳಿದ್ದು ಖರೇ. ಕಾಳಿ ಕಾಡು ದಟ್ಟ, ಏರು-ತಗ್ಗು, ಕಣ್ಣಿಗೆ 20 ಮೀಟರ್ ಆಚಿ ಏನೂ ಕಾಣೋದಿಲ್ಲ. ಹುಲಿ, ಕರಿ ಚಿರತಿ ಎರಡೂ ಅದಾವ, ಆದ್ರ ತಾವಾಗಿ ಮನಸು ಮಾಡಿದ್ರ ಮಾತ್ರ ಕಾಣ್ತಾವ. ಕಾಟಿ, ಜಿಂಕಿ, ಕೆಂಜಳಿಲು, ಹಕ್ಕಿ ಕಂಡ್ರ ಸಂತೋಷ ಪಡೋ ಮಂದಿಗೆ ಇದು ಛಲೋ ಕಾಡು.

ನಾಗರಹೊಳೆಗೆ ಹೋಗೋರಿಗೂ ಇದೇ ಲೆಕ್ಕ. ಕಬಿನಿ ಕಡೆ ದಮ್ಮನಕಟ್ಟೆ ಗೇಟು, ಹುಣಸೂರು ಕಡೆ ವೀರನಹೊಸಹಳ್ಳಿ, ಕೊಡಗಿನ ಕುಟ್ಟ ಕಡೆ ನಾಣಚ್ಚಿ. ಒಂದು ಗೇಟಿಗೆ ಸಫಾರಿ ತಗೊಂಡು ಇನ್ನೊಂದು ಕಡೆ ಮಲಗಿದ್ರ ಕಾಡು ಸುತ್ತಿ ಬರೋದರೊಳಗ ಜೀಪು ಹೋಗಿರ್ತದ. ಇನ್ನೊಂದು: 2025ರ ನವೆಂಬರ್‌ನಲ್ಲಿ ಹುಲಿ ದಾಳಿಗಳಾದ ಮ್ಯಾಲೆ ನಾಗರಹೊಳೆ, ಬಂಡೀಪುರ ಎರಡೂ ಕಡೆ ಸಫಾರಿ ನಿಲ್ಲಿಸಿದ್ರು. ಹಂತಾ ಹೊತ್ತಿನ್ಯಾಗ ರೂಮಿನ ರೊಕ್ಕ ವಾಪಸ್ ಕೊಡ್ತಾರೋ ಇಲ್ಲೋ ಅನ್ನೋದನ್ನ ಮುಂಗಡ ಕೊಡೋ ಮೊದಲೇ ಕೇಳಬೇಕು. ಕಾಳಿಗೂ ಇದು ಅನ್ವಯಿಸ್ತದ, ಮಳಿಗಾಲದಾಗಂತೂ ಸಫಾರಿ ಬಂದ್ ಇರ್ತದ.

ವಿದ್ಯಾನಗರ ವೈನಿ
ಹುಲಿ ಆಶೆ ಇಲ್ಲ. ಕುಳಗಿ ಟೆಂಟ್ ಹೆಂಗ? ಮಕ್ಕಳು ಟೆಂಟ್ ಅಂತ ಕುಣ್ಯಾಕ ಹತ್ಯಾರ. ಮಾವಗ ಆಗ್ತೈತೇನು?

ಬೆಟಗೇರಿ ಬೆಳವ
ಕುಳಗಿ ಛಲೋ, ಶಾಂತ, ಸಫಾರಿಗೆ ಹತ್ತಿರ. ಇಲಾಖೆಯ ಕ್ಯಾಂಪ್ ಆದ್ದರಿಂದ ಡಿಜೆ ಮಾತೇ ಇಲ್ಲ. ಆನ್‌ಲೈನ್ ಬುಕಿಂಗ್, ಶನಿವಾರ-ರವಿವಾರ ಲಗೂನ ತುಂಬತಾವ. ಆದ್ರ ಮೊಣಕಾಲ ಬ್ಯಾನಿ ಇದ್ದವರಿಗೆ ಮೊದಲು ಸಂಡಾಸದ ಲೆಕ್ಕ ಹಾಕಬೇಕು. ಕಮೋಡ್ ಐತೋ, ಟೆಂಟಿಗೆ ಅಂಟಿಕೊಂಡೈತೋ, ಹೊರಗ ನಡಕೊಂಡು ಹೋಗಬೇಕೋ, ನಡುವ ಎಷ್ಟು ಮೆಟ್ಟಲ, ಅಲ್ಲಿ ಹಿಡಕೊಳ್ಳಾಕ ಹಿಡಿಕಿ ಐತೋ? ರಾತ್ರಿ ಎರಡಕ್ಕ ಬ್ಯಾಟರಿ ಹಿಡಕೊಂಡು ಇಬ್ಬನಿ ಬಿದ್ದ ಹುಲ್ಲಿನ ಮ್ಯಾಲೆ ಮುದುಕರು ನಡೀಬೇಕಂದ್ರ ಅಲ್ಲೇ ಜಾರತಾರ.

ಡಿಸೆಂಬರಿನ್ಯಾಗ ಟೆಂಟಿನ ಬಟ್ಟಿಗೆ ಒಳಗಿಂದ ಇಬ್ಬನಿ ಕಟ್ಟತೈತಿ. ನಾಕು ಮಂದಿ ಉಸರು ಬಿಟ್ಟು ಜಿಪ್ ಪೂರ್ತಿ ಹಾಕಿದ್ರ ನಸುಕಿನ್ಯಾಗ ಹನಿ ಹಾಸಿಗಿ ಮ್ಯಾಲೆ ಬೀಳ್ತಾವ. ಜಾಳಿಗಿ ಕಿಟಕಿ ಒಂದು ಬೆರಳಷ್ಟು ಬಿಡ್ರಿ, ಹಾಸಿಗಿ ಬಟ್ಟಿಗೆ ತಾಗದಂಗ ಸರಸ್ರಿ, ಮನಿಯಿಂದ ಒಂದೊಂದು ಕೌದಿ ಹೆಚ್ಚ ಒಯ್ಯ್ರಿ. ಟೆಂಟಿನ್ಯಾಗ ತಿನ್ನೂದೇನೂ ಇಡಬ್ಯಾಡ್ರಿ. ಮಂಗ್ಯಾನಂಥಾವು ಜಿಪ್ ತಗಿಯೂದ ಕಲತಾವ, ತಗಿಯಾಕ ಬರಲಿಲ್ಲಂದ್ರ ಹರೀತಾವ.

ಕಾಳಿ ದಂಡಿ
ಬಿಸಿನೀರಿನ ಬಗ್ಗೆನೂ ಕೇಳ್ರಿ. ಸೋಲಾರ್ ಅಂದ್ರ ಗಿಡದ ನೆರಳಾಗ ಮುಂಜಾನೆ ಆರಕ್ಕ ಉಗುರು ಬೆಚ್ಚಗ ಅಷ್ಟ. ಗೀಸರ್ ಅಂದ್ರ ಕರೆಂಟ್ ಇದ್ದಾಗ ಮಾತ್ರ, ಟೊಂಗಿ ಬಿದ್ದು ಲೈನ್ ಹೋದ್ರ ತಾಸುಗಟ್ಟಲೆ ಬರೂದಿಲ್ಲ. ಜನರೇಟರ್ ಇದ್ದ್ರೂ ಗೀಸರಿಗೆ ಕೊಡೂದಿಲ್ಲ, ಲೈಟ್-ಫ್ಯಾನಿಗೆ ಅಷ್ಟ. ಹಂಡೇದಾಗ ಕಟಗಿ ಉರಿ ಹಾಕಿ ಕಾಯಿಸೋ ಜಾಗ ಇದ್ದ್ರ ಅದ ಎಲ್ಲಾಕ್ಕಿಂತ ಖಾತ್ರಿ.

ಜೋಯಿಡಾ ಜೇನು
ಯಾರೂ ಹೋಂಸ್ಟೇ ಮಾತೆತ್ತಲಿಲ್ಲ. ಜೋಯಿಡಾ ಸುತ್ತ ಹಳ್ಳಿಮನೆಗಳಲ್ಲಿ ಉಳಿದರೆ ರೆಸಾರ್ಟಿನ ಗದ್ದಲ ಇರೋದಿಲ್ಲ, ಊಟ ಮನೆಯವರದೇ ಕೈಯಡುಗೆ. ಗೆಡ್ಡೆ-ಗೆಣಸಿನ ಪಲ್ಯ, ಮುರುಗಲು ಹುಳಿಯ ಸಾರು, ಕುಚ್ಚಲಕ್ಕಿ ಅನ್ನ. ಒಳಗಿನ ಹಳ್ಳಿಗಳಲ್ಲಿ ಫೋನಿಗೆ ಸಿಗ್ನಲ್ ಇಲ್ಲ ಅಂತಲೇ ಇಟ್ಟುಕೊಳ್ಳಿ. ಸಿಗ್ನಲ್ ಇಲ್ಲ ಅಂದರೆ ಫೋನ್‌ಪೇ ಇಲ್ಲ, ನಗದು ತನ್ನಿ. ಮ್ಯಾಪ್ ದಾಂಡೇಲಿಯಲ್ಲೇ ಡೌನ್‌ಲೋಡ್ ಮಾಡಿಕೊಳ್ಳಿ. ಮನೆಯವರಿಂದ "ಯಾವ ಬಸ್ ಸ್ಟಾಪಿನ ಮುಂದೆ ಎಡಕ್ಕೆ, ಮಣ್ಣಿನ ರಸ್ತೆ ಎಷ್ಟು ದೂರ" ಅಂತ ಹೊರಡುವ ಮೊದಲೇ ಬರೆಸಿಕೊಳ್ಳಿ. ಪೆಟ್ರೋಲ್ ದಾಂಡೇಲಿಯಲ್ಲೇ ತುಂಬಿಸಿ. ಮಳೆಗಾಲ ಮುಗಿದ ಮೇಲೂ ತಂಪು ಜಾಗಗಳಲ್ಲಿ ಉಂಬಳ (ಜಿಗಣೆ) ಇರ್ತವೆ. ಕಾಲಿಗೆ ಹತ್ತಿದರೆ ಎಳೆಯಬೇಡಿ, ಉಪ್ಪು ಇಲ್ಲವೇ ಸುಣ್ಣ-ತಂಬಾಕಿನ ನೀರು ಮುಟ್ಟಿಸಿದರೆ ತಾನೇ ಬಿಡ್ತದೆ.

ಜನವರಿ ಕೊನೆ-ಫೆಬ್ರುವರಿ ಹೊತ್ತಿಗೆ ಬರೋರಿಗೆ ಇನ್ನೊಂದು ಮಾತು. ಭಾರತ ಹುಣ್ಣಿಮೆಗೆ ಉಳವಿ ಚನ್ನಬಸವಣ್ಣನ ಜಾತ್ರೆ. ಧಾರವಾಡ, ಬೆಳಗಾವಿ ಕಡೆಯ ಚಕ್ಕಡಿಗಳು ಇದೇ ರಸ್ತೆಯಲ್ಲಿ ಸಾಲುಗಟ್ಟಿ ಬರ್ತವೆ. ಆಗ ದಾರಿಗೆ ದುಪ್ಪಟ್ಟು ಹೊತ್ತು ಇಟ್ಟುಕೊಳ್ಳಬೇಕು, ರೂಮೂ ಸಿಗೋದು ಕಷ್ಟ.

ಹಳೇ ಹುಬ್ಬಳ್ಳಿ ಹೀರೋ ಹೊಂಡಾ
ಹೋಂಸ್ಟೇ ಜುವಾನ ಮಂದಿಗೆ ಸರಿ, ಎಪ್ಪತ್ತರ ಹಿರಿಯರನ್ನ ಸಿಗ್ನಲ್ ಇಲ್ಲದ ಹಳ್ಯಾಗ ಒಯ್ಯೂದು ನನಗ ಸರಿ ಕಾಣೂದಿಲ್ಲ. ನಡುರಾತ್ರಿ ಎದಿ ಹಿಡಕೊಂಡ್ರ ಮೊದಲು ದಾಂಡೇಲಿ ದವಾಖಾನಿ, ದೊಡ್ಡ ಇಲಾಜು ಬೇಕಂದ್ರ ಮತ್ತ ಧಾರವಾಡ-ಹುಬ್ಬಳ್ಳಿನ ಗತಿ.

ಜೋಯಿಡಾ ಜೇನು
ಒಪ್ಪಿದೆ ಅಣ್ಣಾರೆ. ಈ ಆರು ಮಂದಿಗೆ ದಾಂಡೇಲಿ ಕಡೆಯೇ ಸರಿ. ಮಧ್ಯಾಹ್ನದ ಊಟಕ್ಕೆ ಮಾತ್ರ ಒಂದು ಹೋಂಸ್ಟೇಗೆ ಬನ್ನಿ, ಹಿಂದಿನ ದಿನ ಹೇಳಿದರೆ ಅಡುಗೆ ಮಾಡ್ತಾರೆ. ಅತ್ತೆ-ಮಾವ ಪೂರ್ತಿ ಶಾಖಾಹಾರಿ ಅಂದರೆ "ಅಡುಗೆ ಮನೆ ಬೇರೆ ಇದೆಯಾ" ಅಂತ ನೇರ ಕೇಳಿ, ಇಲ್ಲಿ ಮೀನು ದಿನನಿತ್ಯದ ಊಟ.

ಏಲಕ್ಕಿ ಹಾರ, ಹಾವೇರಿ
ರೆಸಾರ್ಟಿನ್ಯಾಗ ರೊಟ್ಟಿ ಅಂತ ಕೊಡೂದು ಮೈದಾದ್ದು. ಹಿರ್‍ಯಾರಿಗೆ ಕಟಕ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳ ಹಿಂಡಿ ಡಬ್ಬ್ಯಾಗ ಹಾಕಿ ಕಟ್ಟಿಕೋರಿ. ಡಬ್ಬಿ ಕಾರಿನ ಡಿಕ್ಕಿನ್ಯಾಗ ಇರಲಿ, ಮ್ಯಾಲೆ ಮಂಗ್ಯಾನ ಮಾತು ಹೇಳ್ಯಾರಲ್ಲ.

ವಿದ್ಯಾನಗರ ವೈನಿ
ಡಿಜೆ ಇಲ್ಲದ ಜಾಗ ಫೋನಿನ್ಯಾಗ ಹೆಂಗ ಗುರ್ತಿಸೂದು? ಎಲ್ಲಾರೂ "ಫ್ಯಾಮಿಲಿ ರೆಸಾರ್ಟ್ ರೀ" ಅಂತನ ಹೇಳ್ತಾರ.

ಸಾಧನಕೇರಿ ದುರ್ಬೀನು
ಜಾಹೀರಾತಿನೊಳಗ "ರೇನ್ ಡಾನ್ಸ್" ಅಂತ ಇದ್ರ ಅಲ್ಲಿಗೇ ಬಿಡ್ರಿ. ರೇನ್ ಡಾನ್ಸಿಗೆ ಹಾಡು ಬೇಕಾಗ್ತದ, ಹಾಡಿಗೆ ದೊಡ್ಡ ಸ್ಪೀಕರ್ ಡಬ್ಬಿ. "ಗ್ರೂಪ್ ಡಿಸ್ಕೌಂಟ್, 30 ಮಂದಿ ಮ್ಯಾಲೆ" ಅಂದ್ರೂ ಅದೇ. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರ ತನಕ ಧ್ವನಿವರ್ಧಕ ಹಚ್ಚಬಾರದು ಅಂತ 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮ ಅದ. ಆದ್ರ ರಾತ್ರಿ ಹನ್ನೊಂದಕ್ಕ ನಿಯಮ ಹೇಳಕೋತ ಕುಂದ್ರೋದಕ್ಕಿಂತ ಮೊದಲೇ ಜಾಗ ಆರಿಸೋದು ಮೇಲು. ಪಕ್ಕದ ರೆಸಾರ್ಟಿನ ಸಪ್ಪಳಾನೂ ಬರ್ತದ, ನದಿ ಮ್ಯಾಲೆ ಸಪ್ಪಳ ದೂರ ಹೋಗ್ತದ. ಮ್ಯಾಪಿನ ಉಪಗ್ರಹ ಚಿತ್ರದಾಗ ಸುತ್ತ ಎಷ್ಟು ನೀಲಿ ಈಜುಕೊಳ ಕಾಣ್ತಾವ ಎಣಿಸ್ರಿ.

ಎಲ್ಲಾಕ್ಕಿಂತ ಸುಲಭ ಅಂದ್ರ ದಿನ ಬದಲಿ ಮಾಡೋದು. ಶುಕ್ರವಾರ-ಶನಿವಾರದ ಬದಲಿ ರವಿವಾರ ಮಧ್ಯಾಹ್ನ ಹೋಗಿ ಮಂಗಳವಾರ ಬರ್ರಿ. ನೀವು ಮುಟ್ಟೋದರೊಳಗ ಪುಣೆ, ಹೈದರಾಬಾದ್ ಗಾಡಿ ಹೊಂಟಿರ್ತಾವ, ರೇಟೂ ಇಳದಿರ್ತದ.

ಶನಿವಾರ ಸಂಜಿ ಏಳಕ್ಕ ಆ ರೆಸಾರ್ಟಿಗೆ ವಿಡಿಯೋ ಕಾಲ್ ಮಾಡ್ರಿ. "ಪಾರ್ಕಿಂಗಿನಿಂದ ನಮ್ಮ ರೂಮಿನ ಬಚ್ಚಲ ತನಕ ಫೋನ್ ಹಿಡಕೊಂಡು ನಡೀರಿ" ಅನ್ರಿ. ಮೆಟ್ಟಲ, ಕಮೋಡ್, ದಾರಿ ಲೈಟು ಎಲ್ಲಾ ಕಾಣ್ತದ, ಹಿಂದ ಹಾಡು ಇದ್ರ ಕೇಳ್ತದ. ಅವತ್ತು ಹಂಗ ತೋರಿಸಲಿಕ್ಕೆ ಒಲ್ಲೆ ಅಂದ್ರ ಬ್ಯಾರೆ ಕಡೆ ನೋಡ್ರಿ. ಮುಂಗಡ ಕಳಸೋವಾಗ ಯುಪಿಐ ಮ್ಯಾಲೆ ಬರೋ ಹೆಸರು ರೆಸಾರ್ಟಿಂದೋ, ಯಾರದೋ ವೈಯಕ್ತಿಕ ಹೆಸರೋ ನೋಡ್ರಿ. ಸರ್ಕಾರಿ ಕ್ಯಾಂಪುಗಳ ಹೆಸರಿನ ನಕಲಿ ಪುಟ ಹುಡುಕಾಟದಾಗ ಮ್ಯಾಲೇ ಬರಬಹುದು, ಇಲಾಖೆಯ ಜಾಲತಾಣದಿಂದನ ಒಳಗ ಹೋಗ್ರಿ.

ವಿದ್ಯಾನಗರ ವೈನಿ
ಹಿಂಗ ಗಟ್ಟಿ ಮಾಡೀವಿ: ರವಿವಾರ-ಸೋಮವಾರ ರಾತ್ರಿ, ಎರಡೂ ಒಂದ ಕಡೆ, ದಾಂಡೇಲಿಗೆ 5 ಕಿ.ಮೀ. ಒಳಗ, ನೆಲಮಟ್ಟದ ರೂಮು, ಕಮೋಡ್. ಸೋಮವಾರ ಮುಂಜಾನೆ ಸಫಾರಿ, ಸಂಜಿ ಟಿಂಬರ್ ಡಿಪೋ ಕಡೆ ಮಂಗಟ್ಟೆ. ಮಂಗಳವಾರ ಗಣೇಶಗುಡಿಯಾಗ ಮಕ್ಕಳ ನೀರಾಟ, ಊಟ ಮಾಡಿ ವಾಪಸ್. ಎರಡನೇ ರಾತ್ರಿ ಗಣೇಶಗುಡಿಗೆ ಬದಲಿ ಮಾಡೂದು ಬ್ಯಾಡಲ್ಲ?

ಕಾಳಿ ದಂಡಿ
ಬ್ಯಾಡ. ಮುಕ್ಕಾಲು ತಾಸಿನ ಹಾದಿಗೆ ಹಿರಿಯರ ಗಂಟು-ಮೂಟೆ ಮತ್ತ ಕಟ್ಟಿ ಬಿಚ್ಚೂದು ಯಾರಿಗೆ ಬೇಕು. ಮಂಗಳವಾರ ಹೊರಡೂ ಮೊದಲು ಗಣೇಶಗುಡಿಯ ನೀರಾಟದವರಿಗೆ ಫೋನ್ ಹಚ್ಚಿ "ಇವತ್ತು ನೀರು ಬಿಟ್ಟಾರೇನು, ಎಷ್ಟೊತ್ತಿನ ತನಕ" ಅಂತ ಕೇಳ್ರಿ. ಡ್ಯಾಮಿನ ತಳದ ನೀರು, ಡಿಸೆಂಬರಿನ್ಯಾಗ ಕೊರದಂಗ ಇರ್ತೈತಿ, ಸಣ್ಣವನ್ನ ಹತ್ತು ನಿಮಿಷಕ್ಕ ಹೊರಗ ತಗದು ಒಣ ಅರಿವಿ ಹಾಕ್ರಿ.

ಬೆಟಗೇರಿ ಬೆಳವ
ಸಫಾರಿಗೆ ಎಲ್ಲಾರ ಗುರ್ತಿನ ಚೀಟಿ ಒಯ್ಯ್ರಿ. ಜೀಪಿನ್ಯಾಗ ಮಾವನವರನ್ನ ಹಿಂದಿನ ಗಾಲಿ ಮ್ಯಾಲಿನ ಸೀಟಿಗೆ ಕುಂದ್ರಸಬ್ಯಾಡ್ರಿ, ತಗ್ಗು ಬಂದಾಗ ಅಲ್ಲೇ ಎತ್ತಿ ಒಗೀತೈತಿ. ಡ್ರೈವರ್ ಬಾಜೂಕ ಜಾಗ ಕೊಡ್ತಾರೇನ ಕೇಳ್ರಿ, ಇಲ್ಲಂದ್ರ ನಡುವಿನ ಸಾಲು. ಎರಡು ತಾಸು ನಡುವ ಇಳಿಯಾಕ ಬಿಡೂದಿಲ್ಲ, ಅದಕ್ಕ ನಸುಕಿನ ಚಾ ಅರ್ಧ ಕಪ್ ಕೊಡ್ರಿ ಸಾಕು.

ವಿದ್ಯಾನಗರ ವೈನಿ
ಮಾವ ಇದನ್ನ ಓದಿ "ಅರ್ಧ ಕಪ್ ಆಗೂದಿಲ್ಲ" ಅಂದ್ರು. ಸಫಾರಿ ಮುಗದ ಮ್ಯಾಲೆ ಪೂರ್ತಿ ಕಪ್ ಅಂತ ಒಪ್ಪಂದ ಆಗೇತಿ.